ಜೀಪಿಗೊಂದು ಮಣೆ

ನಮ್ಮ ಮನೆಯ ಜಗಲಿಯಲ್ಲಿ ಹಲಸಿನ ಮರದ ಒಂದು ಮಣೆ ಇದೆ. ಅದರ ಕಾಲಿಗೆ ನೀಲಿ ನೈಲಾನ್ ಹಗ್ಗ ಕಟ್ಟಿದೆ, ನಾಯಿಗೆ ಕಟ್ಟಿದ ಹಾಗೆ. ಬ್ರಹ್ಮಾವರದಂಥ ಊರಿನಲ್ಲಿ ಮನೆಗೆ ಬಂದವರು ಎಲ್ಲವನ್ನೂ ವಿಚಾರಿಸುತ್ತಾರೆ. ಮಂಡಿಗೆ ಯಾವ ಎಣ್ಣೆ ತಿಕ್ಕುತ್ತೀರಿ, ಬಾವಿಯಲ್ಲಿ ನೀರು ಎಷ್ಟಿದೆ, ತಮ್ಮನಿಗೆ ಶುಗರ್ ಇದೆಯೇ, ಎಲ್ಲ. ಆದರೆ ಮಣೆಗೆ ಹಗ್ಗ ಯಾಕೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಎಪ್ಪತ್ತಾರರ ಅಕ್ಕ, ಎಪ್ಪತ್ತರ ತಮ್ಮ, ಇಬ್ಬರೇ ಇರುವ ಮನೆ. ಇಂಥಲ್ಲಿ ಒಂದೆರಡು ವಿಚಿತ್ರಗಳು ಇದ್ದೇ ಇರುತ್ತವೆ ಎಂದು ಅವರ ದಾಕ್ಷಿಣ್ಯ. ಈ ದಾಕ್ಷಿಣ್ಯ ನನಗೆ ಸಹಿಸದು. ಆದ್ದರಿಂದ ನಿಮಗೆ ನಾನೇ ಹೇಳಿಬಿಡುತ್ತೇನೆ.

ಅದು ನನ್ನ ಮದುವೆಗೆಂದು ಅಪ್ಪಯ್ಯ ಮಾಡಿಸಿದ ಮಣೆ. ಸಾಮಾನ್ಯ ಮಣೆ ಮೂರು ಬೆರಳು ಎತ್ತರವಿದ್ದರೆ ಹೆಚ್ಚು. ಇದು ಮುಕ್ಕಾಲು ಅಡಿ. ಹುಡುಗಿ ಗಿಡ್ಡ, ಗಂಡಿನ ಪಕ್ಕ ಕೂತರೆ ಫೋಟೋದಲ್ಲಿ ಮುಳುಗಿಹೋಗುತ್ತಾಳೆ ಎಂದು ಅಪ್ಪಯ್ಯ ಆಚಾರಿಗೆ ಹೇಳಿ ಕಾಲು ಎತ್ತರ ಮಾಡಿಸಿದ್ದರು. ಮಣೆ ತಯಾರಾಯಿತು, ಗಂಡು ತಯಾರಾಗಲಿಲ್ಲ. ಬಂದ ಇಬ್ಬರಲ್ಲಿ ಒಬ್ಬರಿಗೆ ನಾನು ಕಾನ್ವೆಂಟಿನಲ್ಲಿ ಕಲಿತದ್ದು ಹೆಚ್ಚಾಯಿತು, ಇನ್ನೊಬ್ಬರಿಗೆ ನಾನು ನಕ್ಕದ್ದು ಹೆಚ್ಚಾಯಿತು. ನಕ್ಕರೆ ನನ್ನ ಮುಂದಿನ ಎರಡು ಹಲ್ಲಿನ ನಡುವಿನ ಸಂದಿ ಕಾಣುತ್ತಿತ್ತು. ಒಂದು ಕಡಲೆಬೀಜ ನಿಲ್ಲಿಸಬಹುದಾದಷ್ಟು ಸಂದಿ. ನಾನು ಇಂಗ್ಲಿಷ್ ಟೀಚರ್ ಆದೆ, ಮಣೆ ಅಟ್ಟದ ಉಪ್ಪಿನಕಾಯಿ ಭರಣಿ ಇಳಿಸಲು ಹತ್ತಿ ನಿಲ್ಲುವ ಸಾಮಾನಾಯಿತು. ಇಬ್ಬರಿಗೂ ಕೆಲಸ ಸಿಕ್ಕಿತು, ದೂರುವಂಥದ್ದೇನಿಲ್ಲ.

ಹೋದ ವರ್ಷ ಚೌತಿಗೆ ಮುಂಚೆ ನನ್ನ ತಮ್ಮ ಶೀನ ಒಂದು ಸೆಕೆಂಡ್ ಹ್ಯಾಂಡ್ ಜೀಪು ತಂದ. ಶೀನ ನಲವತ್ತು ವರ್ಷ ಮುಂಬೈಯ ಹೋಟೆಲುಗಳಲ್ಲಿ ಕೌಂಟರಿನ ಹಿಂದೆ ಕೂತವನು. ಹೆಂಡತಿ ತೀರಿಕೊಂಡ ಮೇಲೆ ನನ್ನ ಮನೆಗೆ ಬಂದ. ಕೂತು ಕೂತು ಸಾಕಾದವನಿಗೆ ಕಾಡುಗುಡ್ಡ ತಿರುಗುವ ಹುಚ್ಚು. "ಅಕ್ಕ, ಇದ್ ಆಫ್ ರೋಡ್ ಗಾಡಿ. ರೋಡೇ ಇಲ್ದಿದ್ ಬದಿ ಹೋಪುಕೆ" ಎಂದು ವಿವರಿಸಿದ. ನಾನು ಹದಿನಾರು ವರ್ಷದವರೆಗೂ ರೋಡಿಲ್ಲದ ಕಡೆಯೇ ಓಡಾಡಿದವಳು, ಗದ್ದೆಯ ಅಂಚು, ತೋಡು ದಾಟುವ ಸಂಕ, ದೋಣಿ. ಆಗ ಅದಕ್ಕೆ ಯಾರೂ ಅಡ್ವೆಂಚರ್ ಎನ್ನಲಿಲ್ಲ, ಶಾಲೆಗೆ ಹೋಗುವುದು ಎನ್ನುತ್ತಿದ್ದರು. ಆದರೂ ಜೀಪು ಚೆಂದವಿತ್ತು. ಎರಡೂ ಬದಿಯಲ್ಲಿ ಕಾಲಿಡಲು ಫುಟ್‌ಸ್ಟೆಪ್ ಇತ್ತು. ಅದರ ಮೇಲೆ ಬಲಗಾಲಿಟ್ಟು, ಹತ್ತಿ, ರಾಣಿಯ ಹಾಗೆ ಕೂತೆ. ವೆರಿ ನೈಸ್ ಎಂದೆ. ಆಮೇಲಿನ ನಾಲ್ಕು ತಿಂಗಳು ಅದರೊಳಗೆ ಕೂರುವ ಯೋಗ ನನಗೆ ಬರಲಿಲ್ಲ.

ಅದೇ ವಾರ ಸಿಸಿಲಿಯ ಫೋನು ಬಂತು.

ಸಿಸಿಲಿ ನನ್ನ ಕಾನ್ವೆಂಟಿನ ಗೆಳತಿ. ಒಂದೇ ಬೆಂಚು, ಒಂದೇ ಇಂಕ್ ಬಾಟಲು. ಬೈಂದೂರಿನಿಂದ ಒಳಗೆ ಗೇರುಮರಗಳ ಗುಡ್ಡದ ನೆತ್ತಿಯಲ್ಲಿ ಅವಳ ಮನೆ, ಅವಳ ತಮ್ಮನ ಹೆಂಡತಿ ಲೀನಾ ಜೊತೆಗಿದ್ದಾಳೆ. ಕಾಂಕ್ರೀಟು ರಸ್ತೆ ಗುಡ್ಡದ ಅರ್ಧಕ್ಕೆ ಬಂದು ನಿಂತಿದೆ. ಮುಂದೆ ಕೆಂಪು ಮುರಕಲ್ಲಿನ ಕೊರಕಲು, ರಿಕ್ಷಾದವರು ಅಲ್ಲಿಗೇ ಕೈ ಮುಗಿಯುತ್ತಾರೆ. ಅವಳು ಬಿದ್ದು ಸೊಂಟದ ಆಪರೇಷನ್ ಆದ ಮೇಲೆ, ಕುರ್ಚಿಯಲ್ಲಿ ಹೊತ್ತು ಆಸ್ಪತ್ರೆಗೆ ಒಯ್ದದ್ದು ಬಿಟ್ಟರೆ, ಕೆಳಗೆ ಇಳಿದಿಲ್ಲ, ನನ್ನ ಮಂಡಿ ಮೇಲೆ ಹತ್ತಿಲ್ಲ. ಹೀಗೆ ಹನ್ನೊಂದು ವರ್ಷ. ಪ್ರತಿ ಭಾನುವಾರ ಅವಳ ಪ್ರಾರ್ಥನೆ ಮುಗಿದ ಹೊತ್ತಿಗೆ ಫೋನು. ವಿಡಿಯೋ ಕಾಲ್ ಇಲ್ಲವೇ ಎಂದು ನೀವು ಕೇಳಬಹುದು. ಆ ಗುಡ್ಡದ ನೆಟ್‌ವರ್ಕ್ ಮಾತಿಗೆ ಸಾಕಾಗುತ್ತದೆ, ಮುಖಕ್ಕೆ ಸಾಕಾಗುವುದಿಲ್ಲ.

ಆ ದಿನ ಅವಳು ಸುತ್ತಿ ಬಳಸದೆ ಹೇಳಿದಳು. ಕಣ್ಣಿನ ಪ್ರೆಷರ್, ಗ್ಲಾಕೋಮಾ. ಬದಿಯದ್ದೆಲ್ಲ ಕತ್ತಲಾಗಿ, ನೇರ ಎದುರಿನದ್ದು ಮಾತ್ರ ಟಾರ್ಚು ಬಿಟ್ಟಷ್ಟು ಕಾಣುತ್ತದೆ. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದೂ ಎಷ್ಟು ದಿನವೋ ಎಂದು ಡಾಕ್ಟರು ಹೇಳಿದ್ದಾರೆ.

"ಬಪ್ಪುದಾರೆ ಬೇಗ ಬಾ, ಸರೋ" ಎಂದಳು. "ದನಿ ಫೋನಂಗೂ ಕೇಂತ್. ಮುಖ ಕಾಂಬುಕೆ ನೀನೇ ಬರ್ಕ್."

ನಾನು ಹೆಮ್ಮೆಯಿಂದ, ಜೀಪು ಬಂದಿದೆ ಮಾರಾಯ್ತಿ, ಬರುವ ವಾರವೇ ಬರುತ್ತೇನೆ ಎಂದೆ. ಜೀಪು ಬಂದದ್ದು ನಿಜ. ಆದರೆ ಅದು ರೆಡಿ ಅಲ್ಲ ಎಂದು ಶೀನ ಹೇಳಿದ. ಆ ಗುಡ್ಡಕ್ಕೆ ಇದ್ದ ಹಾಗೇ ಹೋಗುವುದುಂಟೇ, ಮೊದಲು ಅಪ್‌ಗ್ರೇಡ್ ಆಗಬೇಕು.

ಯಾವುದು ಮೊದಲು? ಇದು ಸಣ್ಣ ಪ್ರಶ್ನೆ ಎಂದು ತಿಳಿಯಬೇಡಿ. ಶೀನ ಸೇರಿಕೊಂಡ ವಾಟ್ಸಾಪ್ ಗ್ರೂಪಿನಲ್ಲಿ ಇದಕ್ಕೆ ಮೂರು ಮತಗಳಿದ್ದವು. ಟೈರೇ ಮೊದಲು ಎನ್ನುವವರು, ಸಸ್ಪೆನ್ಶನ್ನೇ ಮೊದಲು ಎನ್ನುವವರು, ವಿಂಚಿಲ್ಲದೆ ಮೋಕ್ಷವಿಲ್ಲ ಎನ್ನುವವರು. ವಿಂಚ್ ಎಂದರೆ ಬಂಪರಿನಲ್ಲಿ ಕೂತು, ಕೆಸರಿನಲ್ಲಿ ಹೂತ ಗಾಡಿಯನ್ನು ಎದುರಿನ ಮರಕ್ಕೆ ಹಗ್ಗ ಕಟ್ಟಿ ಎಳೆದುಕೊಳ್ಳುವ ರಾಟೆ. ಉಡುಪಿ ಜಿಲ್ಲೆಯವರಿಗೆ ಮತಭೇದ ಹೊಸತಲ್ಲ. ಆದರೆ ದ್ವೈತ ಅದ್ವೈತದವರು ಕೂಡ ಇಷ್ಟು ವಾಯ್ಸ್ ಮೆಸೇಜು ಕಳಿಸಿರಲಾರರು.

ಕುಂದಾಪುರದಲ್ಲಿ ಗ್ಯಾರೇಜಿಟ್ಟ ಬಾಬಣ್ಣ ಒಳ್ಳೆಯ ಮೆಕ್ಯಾನಿಕ್, ಮಿತಭಾಷಿ. ಅವರನ್ನು ಕೇಳಿದಾಗ ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ ಹೇಳಿದರು: "ಮೊದಲ್ ಒಳ್ಳೆ ಟೈರ್. ಬ್ರೇಕ್ ಸಮಾ ಇತ್ತಾ ಕಾಣಿ. ಹಿಂದ್ ಮುಂದ್ ಎಳುಕೆ ಒಂದೊಂದ್ ಹುಕ್. ಅಷ್ಟೇ. ಉಳ್ದದ್ದೆಲ್ಲ ಮದಿಮಗನ್ ಪೇಟ."

ಶೀನ ತಲೆಯಾಡಿಸಿ, ಪೇಟದಿಂದಲೇ ಶುರು ಮಾಡಿದ.

ಶುರುವಿನ ಶುರುವಿಗೆ ಆದ ಅಪ್‌ಗ್ರೇಡು ಯಾವುದು ಗೊತ್ತೇ? ಎರಡೂ ಬದಿಯ ಫುಟ್‌ಸ್ಟೆಪ್ ಬಿಚ್ಚಿಸಿದ್ದು. ಅವು ಕೆಳಗೆ ಇಳಿದಿರುವುದರಿಂದ ಕಲ್ಲಿಗೆ ತಾಗುತ್ತವಂತೆ. "ಗ್ರೌಂಡ್ ಕ್ಲಿಯರೆನ್ಸ್ ಹೋತ್ತ್ ಅಕ್ಕ, ನಿಂಗ್ ಗೊತ್ತಾತಿಲ್ಲೆ" ಎಂದ. ನನಗೆ ಹತ್ತಲಿಕ್ಕೆ ಆಗುವುದಿಲ್ಲ ಎಂಬುದಂತೂ ಗೊತ್ತಾಯಿತು. ಆಮೇಲೆ ಸ್ಪ್ರಿಂಗಿನಡಿಗೆ ಏನೋ ಕೊಟ್ಟು ಎರಡು ಇಂಚು ಎತ್ತರಿಸಿದರು. ಆಮೇಲೆ ದೊಡ್ಡ ಟೈರು ಹಾಕಿ ಮತ್ತೆರಡು ಇಂಚು. ಜೀಪು ನನ್ನಿಂದ ದೂರವಾಗುತ್ತ, ಮೇಲೆ ಮೇಲೆ ಹೋಗುತ್ತ, ದೊಡ್ಡ ಹುದ್ದೆಗೆ ಏರಿದ ಹಳೆಯ ವಿದ್ಯಾರ್ಥಿಯ ಹಾಗೆ ಕಾಣತೊಡಗಿತು. ಕೈ ಹಿಡಿದು ಎತ್ತೋಣವೆಂದರೆ ಶೀನನ ಬೆನ್ನಿನಲ್ಲಿ ಡಿಸ್ಕ್ ಜಾರಿದೆ. ಫ್ರಿಜ್ಜಿಗೆ ಅಂಟಿಸಿದ ಅವನ ಲಿಸ್ಟಿನ ಕೊನೆಯಲ್ಲಿ ನಾನು ಕೆಂಪು ಪೆನ್ನಿನಲ್ಲಿ 'ಅಕ್ಕನಿಗೆ ಹತ್ತಲು ಮೆಟ್ಟಿಲು' ಎಂದು ಸೇರಿಸಿದೆ. ಮರುದಿನ ಅದನ್ನು ಅವನು ಬಾಣದ ಗುರುತು ಹಾಕಿ 'ಆಕ್ಸೆಸರೀಸ್' ಎಂಬ ಕಾಲಮ್ಮಿಗೆ ಕಳಿಸಿದ್ದ. ಫ್ಲೋರ್ ಮ್ಯಾಟು ಮತ್ತು ಸೆಂಟಿನ ಬಾಟಲಿಯ ನಡುವೆ ನನ್ನ ಸ್ಥಾನ.

ಇದು ವಂಶದ ಕಾಯಿಲೆ, ಅವನನ್ನೊಬ್ಬನನ್ನೇ ದೂರಬಾರದು. ಅಪ್ಪಯ್ಯನ ಸೈಕಲ್ಲು ನೆನಪಾಗುತ್ತದೆ. ಅದಕ್ಕೆ ಡೈನಮೋ ಇತ್ತು, ಎರಡು ಬೆಲ್ಲಿತ್ತು, ಬಲಗಡೆಗೊಂದು ಕನ್ನಡಿ, ಹಿಂದಿನ ಚಕ್ರದ ಮೇಲೆ ಹೆಸರು ಬರೆಸಿದ ರಬ್ಬರ್ ತುಂಡು, ಹ್ಯಾಂಡಲಿನ ತುದಿಗೆ ಬಣ್ಣದ ಗೊಂಡೆ. ಹಿಂದಿನ ಕ್ಯಾರಿಯರ್ ಮಾತ್ರ ಬರೀ ಕಬ್ಬಿಣದ ಸರಳು. ದೋಣಿ ದಾಟಿದ ಮೇಲೆ ಅದರ ಮೇಲೆ ನಾನು ಕೂತು ಕಾನ್ವೆಂಟಿಗೆ ಹೋಗುತ್ತಿದ್ದೆ. ಒಂದು ಗೋಣಿಚೀಲ ಮಡಚಿ ಹಾಕಿ ಎಂದು ಅಮ್ಮ ಎಷ್ಟು ಸಲ ಹೇಳಿದರೂ ಅಪ್ಪಯ್ಯನಿಗೆ ಲುಕ್ಕು ಹಾಳಾಗುತ್ತದೆಂಬ ಸಂಕಟ. ಇಳಿದಾಗ ನನ್ನ ತೊಡೆಯಲ್ಲಿ ಮೂರು ಗೀಟು ಮೂಡಿರುತ್ತಿದ್ದವು. ಸಿಸಿಲಿ ನನ್ನನ್ನು ಅಳಿಲು ಎಂದು ಕರೆದದ್ದು ಆಗಲೇ.

ಕಾನ್ವೆಂಟಿನಲ್ಲಿ ಸೋಮವಾರ ಬೆಳಿಗ್ಗೆ ಸಿಸ್ಟರ್ ಬೆನಿಗ್ನಾ ಇನ್‌ಸ್ಪೆಕ್ಷನ್ ಮಾಡುತ್ತಿದ್ದರು. ಷೂ, ಉಗುರು, ರಿಬ್ಬನ್, ಕರವಸ್ತ್ರ. "ಪ್ರಯಾರಿಟಿ, ಗರ್ಲ್ಸ್, ಪ್ರಯಾರಿಟಿ" ಎನ್ನುತ್ತ ಸಾಲಿನುದ್ದಕ್ಕೂ ನಡೆಯುತ್ತಿದ್ದರು. ನಾನು ಭಾನುವಾರ ಸಂಜೆ ಕೂತು ಷೂವಿಗೆ ಮೂರು ಸಲ ಪಾಲಿಶ್ ಹೊಡೆದು, ಹೋಮ್‌ವರ್ಕ್ ಮರೆತು ಹೋದವಳು. ಅವರು ಬೆನ್ನು ತಿರುಗಿಸಿದ ಕೂಡಲೇ ಹಲ್ಲಿನ ಸಂದಿಯಿಂದ ಹಕ್ಕಿಯ ಹಾಗೆ ಒಂದು ಶಿಳ್ಳೆ ಹೊಡೆಯುತ್ತಿದ್ದೆ. ಸಿಸ್ಟರ್ ಕಿಟಕಿಯಾಚೆ ಹಕ್ಕಿ ಹುಡುಕುತ್ತಿದ್ದರು. ಸಿಸಿಲಿ ನಗು ತಡೆಯಲಾರದೆ ಸಿಕ್ಕಿಬಿದ್ದು ಶಿಕ್ಷೆ ಅನುಭವಿಸುತ್ತಿದ್ದಳು. ಒಂದು ದಿನವಾದರೂ ಅವಳು ನನ್ನ ಹೆಸರು ಹೇಳಲಿಲ್ಲ.

ಜೀಪಿಗೆ ಬರೋಣ. ನಮ್ಮ ಕಡೆ ಹೊಸ ಗಾಡಿ ತಂದರೆ ಮೊದಲು ಕುಂಭಾಶಿಗೆ, ಆನೆಗುಡ್ಡೆಯ ಗಣಪತಿಯ ಹತ್ತಿರ. ಅಲ್ಲಿ ಪೂಜೆಯಾಗಿ, ಚಕ್ರದಡಿ ಲಿಂಬೆಹಣ್ಣು ಜಜ್ಜಿದ ಮೇಲೆಯೇ ದೂರದ ಪ್ರಯಾಣ. ಇದನ್ನು ನಾನೂ ಒಪ್ಪುತ್ತೇನೆ. ಆದರೆ ಶೀನನ ತರ್ಕ ಒಂದು ಹೆಜ್ಜೆ ಮುಂದೆ. ಹೊಸ ಸಾಮಾನು ಹಾಕಿದ ಮೇಲೆ ಗಾಡಿ ಮತ್ತೆ ಹೊಸತೇ ಅಲ್ಲವೇ? ಹಾಗಾಗಿ ಟೈರಿಗೊಂದು ಪೂಜೆ, ಲೈಟಿಗೊಂದು ಪೂಜೆ. ಪೂಜೆಯಾಗದೆ ಬೈಂದೂರಿಗೆ ಹೋಗುವಂತಿಲ್ಲ, ಸಾಮಾನು ಪೂರ್ತಿ ಬಾರದೆ ಪೂಜೆ ಮಾಡಿಸುವಂತಿಲ್ಲ, ಕೊರಿಯರಿನವನಿಗೆ ಪಂಚಾಂಗ ಗೊತ್ತಿಲ್ಲ. ನೀರಿನಲ್ಲಿ ಇಳಿದರೂ ಎಂಜಿನ್ ಉಸಿರಾಡಲಿ ಎಂದು ಬಾನೆಟ್ಟಿನ ಪಕ್ಕ ಆನೆ ಸೊಂಡಿಲಿನಂಥ ಪೈಪು ಹಾಕಿಸಿಕೊಂಡು ಹೋದ ದಿನ, ಪೂಜೆ ಮಾಡಿದ ಭಟ್ರು ಅದನ್ನು ಎರಡೆರಡು ಸಲ ನೋಡಿ, ಗಂಧ ಎಲ್ಲಿ ಹಚ್ಚುವುದು ಎಂದು ಕೇಳಿದರು. ನಾನು ಅಲ್ಲೇ ಇದ್ದೆ. ಜೀಪು ಹತ್ತಲಾಗದೆ ಬಸ್ಸಿನಲ್ಲಿ ಹೋಗಿದ್ದೆ. ಬಸ್ಸಿನ ಮೆಟ್ಟಿಲೂ ಎತ್ತರವೇ, ಆದರೆ ಅಲ್ಲಿ "ಬನಿ ಟೀಚರ್" ಎಂದು ರಟ್ಟೆ ಹಿಡಿದು ಎತ್ತುವ ಕಂಡಕ್ಟರ್ ಇರುತ್ತಾನೆ. ಈ ಅಪ್‌ಗ್ರೇಡು ಯಾವ ಗ್ರೂಪಿನಲ್ಲೂ ಚರ್ಚೆಗೆ ಬರಲಿಲ್ಲ.

ಎಲ್ಲಕ್ಕಿಂತ ನನಗೆ ಸಿಟ್ಟು ಬರಿಸಿದ್ದು ಲೈಟುಗಳು. ಇದ್ದ ಎರಡರ ಮೇಲೆ ಮತ್ತೆ ನಾಲ್ಕು, ಊಟದ ಬಟ್ಟಲಿನಷ್ಟು ದೊಡ್ಡವು. ರಾತ್ರಿ ಎಂಟಕ್ಕೆ ಮಲಗುವ ಮನುಷ್ಯನಿಗೆ ನಾಲ್ಕು ಲೈಟು. ಅಲ್ಲಿ ಒಬ್ಬಳ ಕಣ್ಣಿನ ಬೆಳಕು ದಿನಕ್ಕೊಂದು ಎಳೆ ಕಡಿಮೆಯಾಗುತ್ತಿರುವಾಗ ಇಲ್ಲಿ ಇವನು ನಟ್ಟನಡು ಹಗಲಲ್ಲಿ ಗೋಡೆಗೆ ಲೈಟು ಬಿಟ್ಟು, ಯಾವುದು ಎರಡು ನೂಲು ಓರೆಯಾಗಿದೆ ಎಂದು ನೋಡುತ್ತಿದ್ದ.

ಬೇರೆ ಜೀಪು ಬಾಡಿಗೆಗೆ ಮಾಡಿಕೊಂಡು ಹೋಗಬಹುದಿತ್ತಲ್ಲ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹೋಗಬಹುದಿತ್ತು. ಹೋಗಲಿಲ್ಲ, ಯಾಕೆಂದರೆ ನನಗೂ ಒಂದು ಲಿಸ್ಟಿತ್ತು. ಮುಂದಿನ ಹಲ್ಲುಗಳು ಬಿದ್ದು ಎರಡು ವರ್ಷವಾಗಿತ್ತು. ಸಿಸಿಲಿಗೆ ಉಳಿದಿರುವ ಅಷ್ಟಗಲದ ನೋಟಕ್ಕೆ ಈ ಬೊಕ್ಕ ಬಾಯಿ ತೋರಿಸುವುದೇ ಎಂದು ನಾನು ಕುಂದಾಪುರದ ಡೆಂಟಿಸ್ಟ್ ಹುಡುಗಿಯ ಹತ್ತಿರ ಹೋಗತೊಡಗಿದೆ. ಅಳತೆಗೊಂದು ದಿನ, ಅಚ್ಚಿಗೊಂದು ದಿನ, ಮೇಣದ ಹಲ್ಲಿಟ್ಟು ನೋಡುವುದಕ್ಕೊಂದು ದಿನ. ಹಳೆಯ ಫೋಟೋ ನೋಡಿ ಆ ಹುಡುಗಿ, ಸಂದಿ ಇದ್ದ ಹಾಗೇ ಮಾಡಲಾ ಆಂಟಿ ಎಂದು ಕೇಳಿದಳು. ಛೆ, ಮುಚ್ಚಿಬಿಡಮ್ಮ ಎಂದೆ. ಇಷ್ಟು ವಯಸ್ಸಿಗಾದರೂ ಒಂದು ಒಳ್ಳೆಯ ನಗು ಇರಲಿ ಎಂದು. ಫೋನಿನಲ್ಲಿ ಮಾತ್ರ ಪ್ರತಿ ಭಾನುವಾರ ಶೀನನ ಮೇಲೆ ತಪ್ಪು ಹೊರಿಸಿದೆ. ತಮ್ಮಂದಿರಿಂದ ಆಗುವ ದೊಡ್ಡ ಉಪಕಾರವೇ ಅದು.

ಕ್ರಿಸ್‌ಮಸ್ಸು ಕಳೆದ ಭಾನುವಾರ ಸಿಸಿಲಿ ಜೀಪಿನ ಸುದ್ದಿ ಕೇಳಲಿಲ್ಲ. "ಈಗ ಟಾರ್ಚ್ ಅಲ್ಲ ಹೆಣೆ, ಸೂಜಿ ಕಣ್ಣ್" ಎಂದಷ್ಟೇ ಹೇಳಿದಳು.

ಮರುದಿನ ಬೆಳಿಗ್ಗೆ ನಾನು ಹಲ್ಲು ಹಾಕಿಕೊಂಡೆ, ಒಳ್ಳೆಯ ಸೀರೆ ಉಟ್ಟೆ. ಅಟ್ಟದಡಿಯಿಂದ ಮಣೆ ತಂದು ಜೀಪಿನ ಪಕ್ಕ ಇಟ್ಟೆ. ಅದರ ಮೇಲೆ ನಿಂತು, ಒಳಗಿನ ಹಿಡಿ ಹಿಡಿದು, ಒಂದು ಸಲ ಜಾರಿ, ಎರಡನೆಯ ಸಲ ಸೀಟಿಗೆ ತಲುಪಿದೆ. ಎಪ್ಪತ್ತಾರರಲ್ಲಿ ಕೊನೆಗೂ ಹಸೆಮಣೆ ಏರಿದ್ದು ಹೀಗೆ. ಶೀನ ಹಲ್ಲುಜ್ಜುತ್ತ ಹೊರಗೆ ಬಂದ. ವಿಂಚಿನ ಪೂಜೆ ಇನ್ನೂ ಆಗಿಲ್ಲ ಎಂದ.

"ಶೀನ, ಹೋಪ" ಎಂದೆ. "ಇಲ್ಲಾಂದ್ರೆ ಕೀ ಕೊಡ್."

ಮೂವತ್ತು ವರ್ಷ ಕ್ಲಾಸಿನಲ್ಲಿ ಬಳಸಿದ ದನಿ ಅದು. ಶೀನ ಬಾಯಿ ತೊಳೆದು ಬಂದು ಕೂತ. ಹೊರಡುವ ಮೊದಲು ಮಣೆಯನ್ನು ಹಿಂದಿನ ಸೀಟಿಗೆ ಹಾಕಿದ.

ಹೈವೇಯಲ್ಲಿ ಜೀಪು ಅಷ್ಟು ದೊಡ್ಡ ಟೈರಿನಲ್ಲಿ ದುಂಬಿಯ ಹಾಗೆ ಗುಂಯ್‌ಗುಟ್ಟಿತು. ಕಿರಿಮಂಜೇಶ್ವರದಲ್ಲಿ ಬೊಂಡ, ಅಂದರೆ ಎಳನೀರು, ಕುಡಿಯಲು ನಿಂತೆವು. ಶೀನ ಮಣೆ ಇಳಿಸಿದ, ನಾನು ಅದರ ಮೇಲೆ ಕಾಲಿಟ್ಟು ಇಳಿದೆ, ಕುಡಿದೆ, ಹತ್ತಿದೆ. ಅಷ್ಟೂ ಹೊತ್ತು ಶೀನ ಬೊಂಡದವನಿಗೆ ವಿಂಚು ವಿವರಿಸುತ್ತಿದ್ದ. ಮಣೆಯನ್ನು ಅವನು ಎತ್ತಿಟ್ಟನೆಂದು ನಾನು, ನಾನು ಹೇಗಾದರೂ ಎಳೆದುಕೊಂಡೆನೆಂದು ಅವನು.

ಗುಡ್ಡ ಹತ್ತುವಾಗ ಜೀಪು ಚೆನ್ನಾಗಿಯೇ ನಡೆದುಕೊಂಡಿತು ಎಂದು ಒಪ್ಪಬೇಕು. ಬಾಬಣ್ಣ ಹೇಳಿದ ಟೈರು ಕೆಲಸ ಮಾಡಿತು, ಸೊಂಡಿಲು ಗೇರುಮರದ ಒಂದು ಕೊಂಬೆ ಮುರಿಯಿತು. ಅಂಗಳಕ್ಕೆ ಬಂದು ನಿಂತು ಹಿಂದೆ ನೋಡಿದರೆ ಮಣೆ ಇಲ್ಲ.

ಹೀಗೆ ನಾವು ಭೇಟಿಯಾದೆವು. ನಾನು ಜೀಪಿನ ಮೇಲೆ, ಇಳಿಯಲಾರೆ. ಸಿಸಿಲಿ ಜಗಲಿಯ ಕುರ್ಚಿಯಲ್ಲಿ, ವಾಕರ್ ಹಿಡಿದರೂ ಮೆಟ್ಟಿಲು ಇಳಿಯಲಾರಳು. ನಡುವೆ ಹದಿನೈದು ಅಡಿ ಅಂಗಳ. ಬಿಳಿ ಕೂದಲಿನ ಸಣ್ಣ ತಲೆಯೊಂದು ಅತ್ತ ಇತ್ತ ತಿರುಗುತ್ತ ನನ್ನನ್ನು ಹುಡುಕುತ್ತಿತ್ತು, ಸಿಗಲಿಲ್ಲ.

"ಬಂದ್ಯಾ, ಎಲ್ಲಿದ್ದಿ?" ಎಂದಳು.

ಲೀನಾ ಪ್ಲಾಸ್ಟಿಕ್ ಕುರ್ಚಿ ತಂದಳು. ಅಂಗಳದ ಇಳಿಜಾರಿನಲ್ಲಿ ಅದು ನಾನು ಕಾಲಿಡುವ ಮೊದಲೇ ಓಲಾಡಿತು. ಶೀನ ತಲೆ ಕೆರೆದುಕೊಂಡು ಒಮ್ಮೆ ಜೀಪು ನೋಡಿದ, ಒಮ್ಮೆ ಜಗಲಿ ನೋಡಿದ. ಗುಡ್ಡದ ಮೇಲಿನ ಹಳೆಯ ಮನೆ, ಮುರಕಲ್ಲಿನ ಎತ್ತರದ ಜಗಲಿ, ಅಂಚಿಗೆ ಅಡ್ಡಗೋಡೆಯಿಲ್ಲ. ಅವನು ಸ್ಟೇರಿಂಗಿಗೆ ಹೋಗಿ, ಹಿಂದೆ ಮುಂದೆ ಮಾಡಿ, ನನ್ನ ಬಾಗಿಲನ್ನು ಜಗಲಿಯ ಅಂಚಿಗೆ ಒರಗಿಸಿದ ಹಾಗೆ ನಿಲ್ಲಿಸಿದ. ಬಾಗಿಲು ಜಾರಿಸುವ ಮಾದರಿಯದ್ದಲ್ಲ, ಕಿತ್ತು ತೆಗೆಯುವ ಮಾದರಿಯದ್ದು. ಕಿತ್ತು ತೆಗೆದ. ಜೀಪಿನ ತಳವೂ ಜಗಲಿಯ ನೆಲವೂ ಒಂದೇ ಮಟ್ಟ. ಗೂಟ ಹೊಡೆದು ಅಳೆದ ಹಾಗೆ. ನಾನು ನಾಲ್ಕು ತಿಂಗಳು ಶಪಿಸಿದ ಆ ನಾಲ್ಕು ಇಂಚಿನ ಮೇಲಿಂದ ಒಂದು ಹೆಜ್ಜೆ ಇಟ್ಟು, ಬಾಗಿಲು ದಾಟಿ ಪಕ್ಕದ ಕೋಣೆಗೆ ಹೋದಷ್ಟು ಸುಲಭವಾಗಿ, ಸಿಸಿಲಿಯ ಎದುರು ನಿಂತೆ. ಶೀನ ಬಂದು ಟೈರನ್ನು ಎರಡು ಸಲ ತಟ್ಟಿದ.

"ಎದ್ರಿಗೆ ಕೂಕೋ. ಇನ್ನೂ ನೆಟ್ಟಗೆ" ಎಂದಳು ಸಿಸಿಲಿ.

ಅವಳ ನೋಟ ನಾಲ್ಕಾಣೆ ಪಾವಲಿಯಷ್ಟು. ಇಡೀ ಮುಖ ಒಟ್ಟಿಗೆ ಸಿಗುವುದಿಲ್ಲ. ಹಣೆಯಿಂದ ಶುರು ಮಾಡಿ ತುಂಡು ತುಂಡಾಗಿ ಓದತೊಡಗಿದಳು. ಸೋಮವಾರದ ಇನ್‌ಸ್ಪೆಕ್ಷನ್ನಿನ ಹಾಗೆ ನಾನು ಉಸಿರು ಬಿಗಿಹಿಡಿದು ಕೂತೆ. ಹಣೆಯ ಗಾಯದ ಗುರುತು ಇದೆ ಎಂದಳು. ಮೂಗು ಅದೇ ಎಂದಳು. ಬಾಯಿಗೆ ಬಂದು ನಿಂತಳು. ನಾನು ಡೆಂಟಿಸ್ಟ್ ಹುಡುಗಿ ಕಲಿಸಿದ ಹಾಗೆ ನಕ್ಕೆ.

"ಈ ಹಲ್ಲ್ ಯಾರದ್ದೆ?"

ನನ್ನದೇ, ಹೊಸದು ಎಂದೆ.

"ಸಂದಿ ಎಲ್ಲ್ ಹೋಯ್ತ್?"

ಮುಚ್ಚಿಸಿದೆ ಎಂದೆ. "ನಾ ಅದನ್ನ್ ಕಾಂಬುಕೇ ಇಷ್ಟ್ ದಿನ ಕಣ್ಣ್ ಉಳ್ಸ್‌ಕಂಡ್ ಇದ್ದದ್" ಎಂದಳು. ತಮಾಷೆಯ ದನಿಯೇ. ಆದರೆ ನಾನು ಹನ್ನೊಂದು ವರ್ಷ ಕೇಳಿದ ದನಿ ಅದು, ಅದರಲ್ಲಿ ತಮಾಷೆ ಎಷ್ಟು ಎಂದು ನನಗೆ ಗೊತ್ತು. ಶಿಳ್ಳೆ ಹೊಡೆಯಲು ಪ್ರಯತ್ನಿಸಿದೆ. ಹೊಸ ಹಲ್ಲಿನಿಂದ ಬರೀ ಗಾಳಿ ಬಂತು. ಆಗ ಇಬ್ಬರಿಗೂ ನಗು ಬಂತು. ನಕ್ಕ ರಭಸಕ್ಕೆ ಹಲ್ಲು ಸಡಿಲಾಗಿ ನಾನು ಅದನ್ನು ತೆಗೆದು ಕರವಸ್ತ್ರದಲ್ಲಿ ಕಟ್ಟಿಟ್ಟೆ. "ಹಾಂ, ಈಗ ಸಲ್ಪ ನಿನ್ನಾಂಗೆ ಇತ್ತ್" ಎಂದಳು. ಲೀನಾ ಕ್ರಿಸ್‌ಮಸ್ಸಿನ ನೆವ್ರಿ, ನಮ್ಮ ಕರ್ಜಿಕಾಯಿಯಂಥದ್ದು, ತಂದಿಟ್ಟಳು. ಹಲ್ಲಿಲ್ಲದೆ ಚಹಾದಲ್ಲಿ ಅದ್ದಿ ತಿಂದೆ. ಮಧ್ಯಾಹ್ನದವರೆಗೆ ನೆಟ್ಟಗೆ ಎದುರಿಗೇ ಕೂತಿದ್ದೆ. ಕುತ್ತಿಗೆ ನೋವು ಮೂರು ದಿನ ಇತ್ತು.

ಹೊರಡುವಾಗ ಶೀನ ಜೀಪನ್ನು ತಿರುಗಿಸಿ ಮತ್ತೆ ಜಗಲಿಗೆ ತರುವ ಭರದಲ್ಲಿ ಯಾವುದೋ ಸ್ವಿಚ್ಚು ಒತ್ತಿದ. ನಾಲ್ಕು ಲೈಟೂ ಒಟ್ಟಿಗೆ ಹೊತ್ತಿಕೊಂಡವು, ಮಧ್ಯಾಹ್ನದ ಬಿಸಿಲಿನಲ್ಲಿ. ಬೈಯಲು ಬಾಯಿ ತೆರೆದೆ. ಸಿಸಿಲಿ ನನ್ನ ಕೈ ಒತ್ತಿದಳು. ಅಂಗಳದ ಕಡೆ ತಿರುಗಿದ ಅವಳ ಮುಖ ಅತ್ತಿತ್ತ ಹುಡುಕದೆ ಒಂದೇ ಕಡೆ ನಿಂತಿತ್ತು.

"ಅದ್ ಕಾಣತ್ತ್" ಎಂದಳು. "ಇನ್ನ್ ಬಪ್ಪತ್ತಿಗೆ ಅದನ್ನ್ ಹಾಯ್ಕಂಡೇ ಬಾ. ಕೆಳಗ್ನ ತಿರುವಂಗೆ ನಾಲ್ಕ್ ದೀಪ ಕಂಡ್ರೆ ಲೀನಂಗೆ ಚಾ ಇಡುಕೆ ಹೇಳ್ತೆ."

ವಾಪಸು ಬರುವಾಗ ಕಿರಿಮಂಜೇಶ್ವರದಲ್ಲಿ ಬೊಂಡದವನು ನಮ್ಮ ಮಣೆಯ ಮೇಲೆ ಸುಖವಾಗಿ ಕೂತು ವ್ಯಾಪಾರ ಮಾಡುತ್ತಿದ್ದ. ಯಾರೂ ಹೊತ್ತುಕೊಂಡು ಹೋಗದಿರಲಿ ಎಂದು ಕೂತದ್ದಂತೆ. ತನ್ನದೇ ನೀಲಿ ಹಗ್ಗ ಕಡಿದು, ಮಣೆಯ ಕಾಲಿಗೆ ಬಿಗಿದು, ಇನ್ನೊಂದು ತುದಿ ನನ್ನ ಕೈಗೆ ಕೊಟ್ಟ. ಹತ್ತಿ ಕೂತ ಮೇಲೆ ಎಳೆದುಕೊಳ್ಳಬೇಕು. ಇದೂ ಒಂದು ವಿಂಚೇ ಎಂದು ಶೀನ ಹೇಳಿದ.

ಈಗ ಹದಿನೈದು ದಿನಕ್ಕೊಮ್ಮೆ ಹೋಗುತ್ತೇವೆ. ಫ್ರಿಜ್ಜಿನ ಲಿಸ್ಟಿನಲ್ಲಿ ಮಣೆಯನ್ನು ಶೀನ ಒಂದನೆಯ ನಂಬರಿಗೆ ತಂದಿದ್ದಾನೆ. ಹಲ್ಲು ಮನೆಯಲ್ಲೇ ಇರುತ್ತದೆ. ಸಿಸಿಲಿಯ ಪಾವಲಿ ಈಗ ಎಷ್ಟಾಗಿದೆ ಎಂದು ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ಚಹಾ ಮಾತ್ರ ಇದುವರೆಗೆ ನಾವು ಹೋಗುವಷ್ಟರಲ್ಲಿ ಸಿದ್ಧವಿದೆ. ಬೈಂದೂರು ದಾಟಿ ಒಳಗೆ ತಿರುಗಿದ ಕೂಡಲೇ ಶೀನ ನಾಲ್ಕೂ ಲೈಟು ಹಾಕುತ್ತಾನೆ. ಬೆಳಗಿನ ಹತ್ತೂವರೆಯ ಉರಿಬಿಸಿಲು. ಎದುರಿನಿಂದ ಸ್ಕೂಟರಿನಲ್ಲಿ ಬರುವ ಹಳೆಯ ಕಾಲದ ಮಂದಿ ಐದು ಬೆರಳು ಅರಳಿಸಿ ಮುಚ್ಚಿ, ಲೈಟು ಉರಿಯುತ್ತಿದೆ ಎಂದು ಸನ್ನೆ ಮಾಡುತ್ತಾರೆ. ಒಳ್ಳೆಯ ಜನ. ನಾನು ಕೈ ಎತ್ತಿ ಥ್ಯಾಂಕ್ಯೂ ಎನ್ನುತ್ತೇನೆ. ನಾವು ಲೈಟು ಆರಿಸುವುದಿಲ್ಲ.